ಸ್ಟೀಲ್‌ಗೆ ತುಕ್ಕು: ಗ್ರೇಡ್‌ಗೆ ಬೈಯುವ ಮೊದಲು ಕಲೆಯನ್ನು ಓದಿ

ಮಲ್ಪೆ ಕಡೆಯ ನಮ್ಮ ಮನೆಗೆ ಸ್ಟೀಲ್ ರೇಲಿಂಗ್ ಹಾಕಿಸಿ ನಾಲ್ಕು ತಿಂಗಳಾಗಿತ್ತು. ದೀಪಾವಳಿಗೆ ಫಳಫಳ ಅನ್ನುತ್ತಿದ್ದದ್ದು ಶಿವರಾತ್ರಿ ಹೊತ್ತಿಗೆ ಕಂದು ಕಂದು. ಪಕ್ಕದ ಮನೆಯ ಅಕ್ಕ ಬೆರಳಲ್ಲಿ ಉಜ್ಜಿ ನೋಡಿ, “ಎಂತ ಮಾರಾಯ್ರೆ, ಸ್ಟೀಲ್ ಅಂತ ಹೇಳಿ ಕಬ್ಬಿಣ ಹಾಕಿ ಹೋಗಿದ್ದಾರಲ್ಲ” ಅಂದರು. ರೇಲಿಂಗ್ ಮಾಡಿದವನಿಗೆ ಫೋನ್ ಮಾಡಿದೆ. “304 ಗ್ರೇಡ್ ಸ್ಟೀಲ್ ಹಾಕಿದ್ದು ಸಾರ್, ಬಿಲ್ ನೋಡಿ. ಬೇಕಾದ್ರೆ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟುವುದಿಲ್ಲ” ಅಂದ. ಹಿಡಿದೆ. ನಿಜಕ್ಕೂ ಅಂಟಲಿಲ್ಲ. ಆದರೆ ತುಕ್ಕು ಕಣ್ಣ ಮುಂದೆಯೇ ಇತ್ತು.

ಆಮೇಲೆ ಎರಡು ವಾರ ಸಂಜೆ ಹೊತ್ತು ಅದರ ಮುಂದೆಯೇ ಕೂತೆ. ಗೊತ್ತಾಗಿದ್ದು ಇಷ್ಟು: ಒಂದೇ ರೇಲಿಂಗ್‌ಗೆ ನಾಲ್ಕು ಬೇರೆ ಬೇರೆ ಕಾಯಿಲೆ. ಅದರಲ್ಲಿ ಗ್ರೇಡ್‌ನದ್ದು ಒಂದೇ ಒಂದು. ಅಕ್ಕ ಹೇಳಿದ್ದೂ ಪೂರ್ತಿ ಸರಿಯಲ್ಲ, ಅವನು ಹೇಳಿದ್ದೂ ಪೂರ್ತಿ ಸರಿಯಲ್ಲ. ನಿಮ್ಮ ಮನೆಯ ಗೇಟು, ಸಿಂಕು, ಪಾತ್ರೆಗೆ ಕಲೆ ಬಂದಾಗ ಯಾವ ಕ್ರಮದಲ್ಲಿ ನೋಡುತ್ತಾ ಹೋಗಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ

ಸ್ಟೇನ್‌ಲೆಸ್ ಸ್ಟೀಲ್ ಅಂದರೂ ಅದರಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ. ಅದಕ್ಕೆ ಕನಿಷ್ಠ 10.5% ಕ್ರೋಮಿಯಂ ಸೇರಿಸಿರುತ್ತಾರೆ. ಆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ಒಂದು ಪೊರೆ ಕಟ್ಟುತ್ತದೆ. ದಪ್ಪ ಬರೀ ಕೆಲವು ನ್ಯಾನೋಮೀಟರ್. ಕಣ್ಣಿಗೆ ಕಾಣಲ್ಲ. ಗೀಚಿದರೂ ಗಾಳಿ ಸಿಕ್ಕರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಸ್ಟೀಲ್‌ನ ಮರ್ಯಾದೆ ಪೂರ್ತಿ ಈ ಪೊರೆಯ ಕೈಯಲ್ಲಿದೆ. ಹಾಗಾಗಿ ಕಲೆ ಕಂಡಾಗ ಕೇಳಬೇಕಾದದ್ದು “ಇದು ಅಸಲಿಯೋ ನಕಲಿಯೋ” ಅಂತಲ್ಲ. “ಇಲ್ಲಿ ಪೊರೆ ಯಾಕೆ ಸೋತಿತು” ಅಂತ.

ಅದು ತುಕ್ಕೇ ಹೌದಾ?

ನಗಬೇಡಿ. ಅಡುಗೆಮನೆಯ ದೂರುಗಳಲ್ಲಿ ಎಷ್ಟೋ ತುಕ್ಕೇ ಅಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪುಡಿಯಂಥ ಕಲೆ ಇದ್ದರೆ ಅದು ಗಡಸು ನೀರಿನ ಸುಣ್ಣ. ಕಾಮನಬಿಲ್ಲಿನಂತೆ ನೀಲಿ, ಹೊಂಬಣ್ಣ ಹೊಳೆದರೆ ಪಾತ್ರೆ ಖಾಲಿ ಕಾದಿದೆ ಅಂತ ಅರ್ಥ, ಪೊರೆ ದಪ್ಪವಾಗಿ ಬಣ್ಣ ತೋರಿಸುತ್ತಿದೆ. ಇವೆರಡೂ ನಿಂಬೆರಸಕ್ಕೋ ಹುಣಸೆ ರಸಕ್ಕೋ ಬಗ್ಗುತ್ತವೆ. ಪಾತ್ರೆಗೆ ಏನೂ ಆಗಿಲ್ಲ.

ಒದ್ದೆ ಬಟ್ಟೆಗೆ ಸ್ವಲ್ಪ ಪಾತ್ರೆ ಸೋಪು ಹಾಕಿ ಉಜ್ಜಿ. ಬಟ್ಟೆಗೆ ಕೆಂಪು ಹತ್ತಿ, ಕೆಳಗೆ ಸ್ಟೀಲ್ ನಯವಾಗಿದ್ದರೆ ತುಕ್ಕು ಹೊರಗಿನಿಂದ ಬಂದು ಕೂತದ್ದು. ಕಲೆ ಹೋದ ಜಾಗದಲ್ಲಿ ಉಗುರಿಗೆ ಸಿಗುವಂಥ ಸಣ್ಣ ಗುಳಿ ಇದ್ದರೆ ಸ್ಟೀಲೇ ತಿಂದುಹೋಗಿದೆ. ಮುಂದಿನದೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ. ಹಾಗಾಗಿ ಇಲ್ಲಿ ಅವಸರ ಬೇಡ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಗುಳಿ ಚೆನ್ನಾಗಿ ಕಾಣುತ್ತದೆ.

ಕಲೆ ಎಲ್ಲಿದೆ?

ನಮ್ಮ ರೇಲಿಂಗ್‌ನ ಕಲೆಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಆಗಲೇ ಅರ್ಧ ಉತ್ತರ ಸಿಕ್ಕಿತು. ಗೇಟಿನ ಪಕ್ಕದ ಎರಡು ಕಂಬಗಳ ಮೇಲೆ ಮೆಣಸಿನಪುಡಿ ಎರಚಿದಂತೆ ಚುಕ್ಕೆ. ವೆಲ್ಡಿಂಗ್ ಜಾಯಿಂಟ್‌ಗಳ ಎರಡೂ ಬದಿ ಅರ್ಧ ಇಂಚು ಕಂದು ಪಟ್ಟಿ. ಸಮುದ್ರದ ಕಡೆಯ ಪೈಪುಗಳ ಮೇಲೆ ಚಹಾ ಚೆಲ್ಲಿದ ಹಾಗೆ ತೆಳು ಕಲೆ. ಕಂಬದ ಬುಡ ಮುಚ್ಚುವ ಕವರುಗಳು ಮಾತ್ರ ಗುಳಿ ಬಿದ್ದು ಕೆಂಪಾಗಿದ್ದವು.

ಎಲ್ಲ ಕಡೆಯೂ ಒಂದೇ ಥರ ತುಕ್ಕು ಹಿಡಿದಿದ್ದರೆ ಮಾತ್ರ ಮೊದಲ ಅನುಮಾನ ಗ್ರೇಡ್ ಮೇಲೆ ಹೋಗಬೇಕು. ಒಂದೇ ಪೈಪಿನ ಒಂದು ತುದಿ ಹೊಳೆಯುತ್ತಾ ಇನ್ನೊಂದು ತುದಿ ಕಂದಾಗಿದ್ದರೆ ಪೈಪಿಗೆ ಬೈದು ಪ್ರಯೋಜನವಿಲ್ಲ, ಅಲ್ವಾ?

ಚುಕ್ಕೆ ಚುಕ್ಕೆ: ಕಬ್ಬಿಣದ ಪುಡಿ

ಗೇಟು ಎಂಎಸ್‌ದು, ಅಂದರೆ ಸಾದಾ ಕಬ್ಬಿಣ. ಅದನ್ನು ಅಲ್ಲೇ ಪಕ್ಕದಲ್ಲಿ ಗ್ರೈಂಡರ್ ಹಿಡಿದು ಕತ್ತರಿಸಿದ್ದರು. ಹಾರಿದ ಕಿಡಿಗಳು ಅಂದರೆ ಕಾದ ಕಬ್ಬಿಣದ ಪುಡಿ. ಅದು ಸ್ಟೀಲ್ ಮೇಲೆ ಅಂಟಿಕೊಂಡು, ಇಬ್ಬನಿ ಬಿದ್ದ ಕೂಡಲೇ ತಾನು ತುಕ್ಕಾಗಿತ್ತು. ಎಂಎಸ್ ಕೊಯ್ದ ಡಿಸ್ಕ್‌ನಲ್ಲೇ ಸ್ಟೀಲ್ ಉಜ್ಜಿದರೂ ಇದೇ ಕಥೆ. ಕಬ್ಬಿಣದ ತಂತಿಯ ಬ್ರಷ್, ಸ್ಟೀಲ್ ವುಲ್‌ನಲ್ಲಿ ಸಿಂಕು ತಿಕ್ಕಿದರೂ ಅಷ್ಟೇ. ಹೊಸ ಸಿಂಕಿಗೆ ಒಂದೇ ವಾರದಲ್ಲಿ ತುಕ್ಕು ಅನ್ನುವ ದೂರು ಕೇಳಿದರೆ ನಾನು ಮೊದಲು ನೋಡುವುದೇ ಅಲ್ಲಿ ಟೈಲ್ಸ್, ಪ್ಲಂಬಿಂಗ್ ಕೆಲಸ ಯಾವಾಗ ಮುಗಿಯಿತು ಅಂತ.

ಇದನ್ನು ಖಚಿತ ಮಾಡಿಕೊಳ್ಳುವ ಸಾಮಾನು ಅಡಿಕೆ ತೋಟ ಇರುವವರ ಮನೆಯಲ್ಲಿ ಇದ್ದೇ ಇರುತ್ತದೆ: ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಹಾಕುವುದೇ ಸಾಕು. ಕಾಲು ಲೀಟರ್ ನೀರಿಗೆ 4 ಗ್ರಾಂ ಕರಗಿಸಿ, ತೊಳೆದು ಒರೆಸಿದ ಸ್ಟೀಲ್ ಮೇಲೆ ಹತ್ತಿಯಲ್ಲಿ ಹಚ್ಚಿ, ಆರು ನಿಮಿಷ ಒದ್ದೆಯಾಗೇ ಇಡಿ. ಆಮೇಲೆ ನೀರು ಹಾಕಿ ತೊಳೆಯಿರಿ. ಸ್ಟೀಲ್ ಮೇಲೆ ಬಿಡಿ ಕಬ್ಬಿಣ ಇದ್ದರೆ ಆ ಜಾಗದಲ್ಲಿ ತಾಮ್ರ ಕೂತು ಕೆಂಪಗೆ ಕಾಣುತ್ತದೆ. ಲ್ಯಾಬ್‌ನವರು ಈ ದ್ರಾವಣಕ್ಕೆ ಒಂಚೂರು ಸಲ್ಫ್ಯೂರಿಕ್ ಆಮ್ಲವನ್ನೂ ಸೇರಿಸುತ್ತಾರೆ, ಮನೆಯಲ್ಲಿ ಆ ಸಾಹಸ ಬೇಡ. ಎರಡು ಎಚ್ಚರಿಕೆ: ಅಡುಗೆ ಪಾತ್ರೆಗೆ ಈ ಪರೀಕ್ಷೆ ಮಾಡಬಾರದು, ಮೈಲುತುತ್ತ ವಿಷ. ಮತ್ತೆ, ಚಾಕು ಕತ್ತರಿಯಂಥ ಕಡಿಮೆ ಕ್ರೋಮಿಯಂ ಸ್ಟೀಲ್ ಮೇಲೆ ಬಿಡಿ ಕಬ್ಬಿಣ ಇಲ್ಲದಿದ್ದರೂ ತಾಮ್ರ ಕೂರಬಹುದು.

ನಮ್ಮ ಕಂಬಗಳಲ್ಲಿ ಚುಕ್ಕೆ ಇದ್ದಲ್ಲೆಲ್ಲ ತಾಮ್ರ ಬಂತು. ಮಧ್ಯದ ಸ್ಟೀಲ್ ಸ್ವಚ್ಛವಾಗಿ ಉಳಿಯಿತು. ಇದಕ್ಕೆ ಮದ್ದು ಸಿಟ್ರಿಕ್ ಆಸಿಡ್, ಅದೇ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು. ಒಂದು ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂ. ಬಟ್ಟೆಯನ್ನು ಅದರಲ್ಲಿ ಅದ್ದಿ ಪೈಪಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು, ನೈಲಾನ್ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದೆ. ಅಂಟಿದ್ದ ಕಬ್ಬಿಣ ಕರಗಿ ಹೋಯಿತು. ಮರುದಿನ ಮತ್ತೆ ಮೈಲುತುತ್ತ ಹಚ್ಚಿದೆ, ಒಂದು ಚುಕ್ಕೆಯೂ ಇಲ್ಲ.

ಜಾಯಿಂಟ್ ಪಕ್ಕದ ಪಟ್ಟಿ

ವೆಲ್ಡಿಂಗ್ ಬಿಸಿಗೆ ಸ್ಟೀಲ್ ನೀಲಿ, ಕಂದು ಆಗುತ್ತದೆ. ನೋಡಲು ಚೆಂದ. ಆದರೆ ಆ ಬಣ್ಣದ ಅಡಿಯ ಪದರದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ. ಪೊರೆ ಅಲ್ಲಿ ಬಡವಾಗಿರುತ್ತದೆ. ಇದಕ್ಕೆ ನಿಂಬೆ ಉಪ್ಪು ಸಾಕಾಗುವುದಿಲ್ಲ. ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೆಗೆಯಬೇಕು ಅಥವಾ ಸ್ಟೀಲ್‌ಗೆಂದೇ ಇಟ್ಟ ಹೊಸ ಡಿಸ್ಕ್‌ನಲ್ಲಿ ಆ ಪದರ ಉಜ್ಜಿ ಬಫಿಂಗ್ ಮಾಡಬೇಕು. ಪಿಕ್ಲಿಂಗ್ ಪೇಸ್ಟ್‌ನಲ್ಲಿ ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಎರಡನೆಯದು ಚರ್ಮದ ಒಳಗೆ ಇಳಿದು ಮೂಳೆಯವರೆಗೂ ಹಾನಿ ಮಾಡುತ್ತದೆ. ಅದನ್ನು ಕೆಲಸ ಗೊತ್ತಿದ್ದವರಿಗೇ ಬಿಡಿ. ಯೂಟ್ಯೂಬ್ ನೋಡಿ ಮಾಡುವ ಕೆಲಸ ಅದಲ್ಲ.

ದಪ್ಪ ತಗಡಿನ ಕೆಲಸದಲ್ಲಿ ಇನ್ನೊಂದು ತೊಂದರೆ ಇದೆ. ಸ್ಟೀಲ್ 450ರಿಂದ 850 ಡಿಗ್ರಿ ನಡುವೆ ಜಾಸ್ತಿ ಹೊತ್ತು ಇದ್ದರೆ ಒಳಗಿನ ಇಂಗಾಲ ಕ್ರೋಮಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ. ಪೊರೆಗೆ ಉಳಿಯುವುದು ಕಡಿಮೆ. ಆಮೇಲೆ ಜಾಯಿಂಟ್‌ಗೆ ಸಮಾನಾಂತರವಾಗಿ ಗೆರೆ ಹಿಡಿದಂತೆ ತಿನ್ನುತ್ತದೆ. ಅದಕ್ಕೇ 304ಎಲ್, 316ಎಲ್ ಇರುವುದು. ಆ ‘ಎಲ್’ ಅಂದರೆ ಇಂಗಾಲ 0.03%ಕ್ಕಿಂತ ಹೆಚ್ಚಿಲ್ಲ ಅಂತ. ರೇಲಿಂಗ್‌ನ ತೆಳು ಪೈಪಿಗೆ ಈ ಚಿಂತೆ ಬೇಡ. ಹಾಲಿನ ಟ್ಯಾಂಕ್ ಮಾಡಿಸುವವರು ಮಾತ್ರ ‘ಎಲ್’ ಕೇಳಿ ತೆಗೆದುಕೊಳ್ಳಿ.

ಚಹಾ ಬಣ್ಣದ ಕಲೆ

ಇದು ಕರಾವಳಿಯವರ ಪಾಲಿನದು. ಸಮುದ್ರದ ಗಾಳಿಯ ಜೊತೆ ಉಪ್ಪು ಬಂದು ಕೂರುತ್ತದೆ. ಉಪ್ಪಿನ ಕ್ಲೋರೈಡ್ ಪೊರೆಯ ಮೊದಲ ಶತ್ರು. 304 ಗ್ರೇಡ್ ಇಲ್ಲಿ ಕಲೆ ಹಿಡಿಯುತ್ತದೆ. ಅಸಲಿಯೇ ಆದರೂ ಹಿಡಿಯುತ್ತದೆ.

ನನಗೆ ಆಶ್ಚರ್ಯ ತಂದದ್ದು ಬೇರೆ. ಮಳೆಗೆ ತೋಯುವ ಕಡೆ ಕಲೆ ಕಡಿಮೆ, ಸಜ್ಜಾದ ಅಡಿಯಲ್ಲಿ ಒಣಗಿದ್ದ ಕಡೆ ಜಾಸ್ತಿ! ಯೋಚಿಸಿದರೆ ಸರಿಯೇ. ನಮ್ಮ ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. ಮಳೆ ತಾಗದ ಜಾಗದಲ್ಲಿ ಅದು ಪದರ ಪದರ ಕೂರುತ್ತದೆ, ರಾತ್ರಿಯ ತೇವಕ್ಕೆ ಕರಗಿ ಮತ್ತೆ ಗಟ್ಟಿ ಉಪ್ಪುನೀರಾಗುತ್ತದೆ. ನವೆಂಬರ್‌ನಿಂದ ಮೇವರೆಗೆ ಅದನ್ನು ತೊಳೆಯುವವರೇ ಇಲ್ಲ. ದೀಪಾವಳಿಯಿಂದ ಶಿವರಾತ್ರಿವರೆಗಿನ ಲೆಕ್ಕ ಆಗ ಅರ್ಥವಾಯಿತು.

ಫಿನಿಶ್ ಕೂಡ ಮುಖ್ಯ. ಕನ್ನಡಿಯಂತೆ ಪಾಲಿಶ್ ಮಾಡಿದ್ದರ ಮೇಲೆ ಉಪ್ಪು ನಿಲ್ಲುವುದಿಲ್ಲ. ಗೆರೆ ಗೆರೆಯ ಮ್ಯಾಟ್ ಫಿನಿಶ್‌ನ ಸಂದಿಗಳಲ್ಲಿ ಆರಾಮಾಗಿ ಕೂರುತ್ತದೆ. ಪೇಟೆಯ ಅಪಾರ್ಟ್‌ಮೆಂಟ್ ನೋಡಿ ಮ್ಯಾಟ್ ಬೇಕು ಅಂತ ಹಠ ಹಿಡಿದದ್ದು ನಾನೇ. ಅದಕ್ಕೆ ಯಾರನ್ನು ಬೈಯಲಿ?

ಈಗ ಗ್ರೇಡ್

ಬುಡದ ಕವರುಗಳಲ್ಲಿ ಗುಳಿ ಇತ್ತು. ನಿಂಬೆ ಉಪ್ಪಿಗೆ ಕಲೆ ಹೋಯಿತು, ಹತ್ತೇ ದಿನದಲ್ಲಿ ಅದೇ ಜಾಗದಲ್ಲಿ ಮತ್ತೆ ಬಂತು. ಇಷ್ಟಾದ ಮೇಲೆ ಗ್ರೇಡ್ ಮೇಲೆ ಅನುಮಾನ ಪಡುವುದು ನ್ಯಾಯ.

ಮ್ಯಾಗ್ನೆಟ್ ವಿಷಯ ಮೊದಲು ಮುಗಿಸೋಣ. ಅದು ಅಂಟದಿದ್ದರೆ 304 ಅನ್ನುವುದು ಅಂಗಡಿಯವರ ಮಾತು. 304 ಅಂಟುವುದಿಲ್ಲ, ಸರಿ. ಆದರೆ ಅಗ್ಗದ 201, 202 ಕೂಡ ಅಂಟುವುದಿಲ್ಲ. ಅಸಲಿ 304 ಅನ್ನು ಬಗ್ಗಿಸಿದ, ಒತ್ತಿದ ಕಡೆ ಸ್ವಲ್ಪ ಅಂಟುವುದೂ ಉಂಟು. ಸಿಂಕಿನ ಮೂಲೆಗೆ ಹಿಡಿದು ನೋಡಿ. 430 ಜೋರಾಗಿ ಅಂಟುತ್ತದೆ, ಹಾಗಂತ ಅದು ಮೋಸವಲ್ಲ. ಇಂಡಕ್ಷನ್ ಪಾತ್ರೆಯ ತಳಕ್ಕೆ ಅಂಟುವ ಸ್ಟೀಲೇ ಬೇಕು. ಮ್ಯಾಗ್ನೆಟ್ ನಿಮಗೆ ಹೇಳುವುದು ಸ್ಟೀಲ್‌ನ ಕುಲ ಮಾತ್ರ, ಗುಣ ಅಲ್ಲ.

ಗ್ರೇಡ್‌ಗಳನ್ನು ನಾನು ಹೀಗೆ ನೆನಪಿಟ್ಟುಕೊಳ್ಳುತ್ತೇನೆ. 304 ಎಲ್ಲರಿಗೂ ಗೊತ್ತಿರುವ ಮನೆಮಗ: ಕ್ರೋಮಿಯಂ 18%, ನಿಕಲ್ 8%ರ ಆಸುಪಾಸು. ಪಾತ್ರೆಯ ತಳದಲ್ಲಿ 18/8 ಅಂತ ಒತ್ತಿರುವುದು ಇದನ್ನೇ. ಹಾಲಿನ ಡೇರಿ, ಸಿಂಕು, ಊಟದ ತಟ್ಟೆ, ನೀರಿನ ಟ್ಯಾಂಕ್ ಎಲ್ಲಕ್ಕೂ ಆಗುತ್ತದೆ. ಅದಕ್ಕೆ 2ರಿಂದ 3% ಮಾಲಿಬ್ಡಿನಂ ಸೇರಿಸಿ, ನಿಕಲ್ ಸ್ವಲ್ಪ ಏರಿಸಿದರೆ 316. ಉಪ್ಪು ಇರುವ ಕಡೆಗೆ, ಔಷಧಿ ಕಾರ್ಖಾನೆಗೆ, ದೋಣಿಯ ಸಾಮಾನಿಗೆ ಇದು ಬೇಕು. ಬೆಲೆ ಏರುವುದು ಇದಕ್ಕೇ.

ನಿಕಲ್ ದುಬಾರಿ. 1950ರ ದಶಕದಲ್ಲಿ ಅಮೆರಿಕದಲ್ಲಿ ನಿಕಲ್ ಸಿಗದೇ ಹೋದಾಗ ಅದರ ಬದಲು ಮ್ಯಾಂಗನೀಸ್, ಸಾರಜನಕ ಹಾಕಿ 201, 202 ಬಳಕೆಗೆ ತಂದರು. 202ರಲ್ಲಿ ನಿಕಲ್ 4ರಿಂದ 6%, ಮ್ಯಾಂಗನೀಸ್ 7.5ರಿಂದ 10%. ನಮ್ಮ ಮಾರುಕಟ್ಟೆಯಲ್ಲಿ ನಿಕಲ್ 1%ರ ಹತ್ತಿರ ಇರುವ ಇನ್ನೂ ಅಗ್ಗದವೂ ಓಡಾಡುತ್ತವೆ. ಇವು ಕೆಟ್ಟ ಸ್ಟೀಲ್ ಅಂತ ನಾನು ಹೇಳುವುದಿಲ್ಲ. ದಾವಣಗೆರೆಯ ಮನೆಯೊಳಗಿನ ಮೆಟ್ಟಿಲಿಗೆ 202 ಹಾಕಿದರೆ ವರ್ಷಗಟ್ಟಲೆ ಹೊಳೆಯುತ್ತದೆ. ಅದನ್ನೇ ಮಲ್ಪೆಗೆ ತಂದು, 304 ಅಂತ ಬಿಲ್ ಬರೆದಾಗಲೇ ಜಗಳ.

400 ಸರಣಿಯಲ್ಲಿ ನಿಕಲ್ ಇಲ್ಲ ಅನ್ನಬಹುದು. 430 ಮಿಕ್ಸಿ, ಫ್ರಿಜ್‌ಗಳ ಹೊರಮೈಗೆ ಬರುತ್ತದೆ. 409 ವಾಹನದ ಸೈಲೆನ್ಸರ್‌ಗೆ. 420 ಚಾಕು, ಕತ್ತರಿಗೆ: ಗಟ್ಟಿ ಮಾಡಿ ಹರಿತ ತರಬಹುದು, ಆದರೆ ಕ್ರೋಮಿಯಂ 12ರಿಂದ 14% ಮಾತ್ರ. ರಾತ್ರಿಯಿಡೀ ಸಿಂಕಿನಲ್ಲಿ ನೆನೆದ ಚಾಕುವಿಗೆ ತುಕ್ಕು ಬಂದರೆ ಅದು ದೋಷವಲ್ಲ, ಹರಿತಕ್ಕೆ ಕೊಟ್ಟ ಬೆಲೆ. ತೊಳೆದು ಒರೆಸಿಡಿ.

ಗುಳಿ ಬೀಳುವುದನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಕ್ರೋಮಿಯಂ ಶೇಕಡಾಕ್ಕೆ ಮಾಲಿಬ್ಡಿನಂನ 3.3 ಪಟ್ಟು, ಸಾರಜನಕದ 16 ಪಟ್ಟು ಕೂಡಿಸಿ. 304ಕ್ಕೆ ಸುಮಾರು 19 ಬರುತ್ತದೆ, 316ಕ್ಕೆ 25ರ ಹತ್ತಿರ, ಬಂದರಿನ ಕೆಲಸಕ್ಕೆ ಹಾಕುವ 2205 ಡೂಪ್ಲೆಕ್ಸ್‌ಗೆ 35. ಆದರೆ 200 ಸರಣಿಗೆ ಈ ಲೆಕ್ಕ ಹಾಕಬೇಡಿ. ಸಾರಜನಕ ಜಾಸ್ತಿ ಇರುವುದರಿಂದ 304ರ ಸಮಕ್ಕೆ ಅಂಕ ಬರುತ್ತದೆ, ನಿಜದಲ್ಲಿ ಅಷ್ಟು ತಡೆಯುವುದಿಲ್ಲ.

ಪರೀಕ್ಷೆಗೆ ಎರಡು ದಾರಿ. ಗುಜರಿಯವರ ಹತ್ತಿರ ಇರುವ ಟೆಸ್ಟಿಂಗ್ ಲಿಕ್ವಿಡ್: ಒಂದು ತೊಟ್ಟು ಹಾಕಿ 9 ವೋಲ್ಟ್ ಬ್ಯಾಟರಿ ತಾಗಿಸಿದರೆ ಬಣ್ಣ ತಿರುಗುತ್ತದೆ. ಒಂದು ಬಾಟಲಿಯ ಬಣ್ಣದ ಚಾರ್ಟ್ ಇನ್ನೊಂದಕ್ಕೆ ಹೊಂದುವುದಿಲ್ಲ, ಹಾಗಾಗಿ ಗ್ರೇಡ್ ಖಚಿತವಾಗಿ ಗೊತ್ತಿರುವ ಒಂದು ತುಂಡನ್ನು ಪಕ್ಕದಲ್ಲಿಟ್ಟು ಎರಡಕ್ಕೂ ಹಾಕಿ. ಇನ್ನೊಂದು ಎಕ್ಸ್‌ಆರ್‌ಎಫ್ ಗನ್, ಅಂದರೆ ಎಕ್ಸ್‌ರೇ ಹಾಯಿಸಿ ಲೋಹ ಗುರುತಿಸುವ ಕೈಯಂತ್ರ. ಕೆಲವೇ ಸೆಕೆಂಡಿನಲ್ಲಿ ಕ್ರೋಮಿಯಂ, ನಿಕಲ್, ಮ್ಯಾಂಗನೀಸ್, ಮಾಲಿಬ್ಡಿನಂ ಎಷ್ಟೆಷ್ಟು ಅಂತ ತೋರಿಸುತ್ತದೆ. ಅದಕ್ಕೆ ಇಂಗಾಲ ಮಾತ್ರ ಕಾಣುವುದಿಲ್ಲ, ಹಾಗಾಗಿ 304ಕ್ಕೂ 304ಎಲ್‌ಗೂ ವ್ಯತ್ಯಾಸ ಹೇಳಲಾರದು. ನಾನು ಪೈಪಿನ ಒಂದು ತುಂಡು, ಒಂದು ಕವರು ಲ್ಯಾಬ್‌ಗೆ ಒಯ್ದೆ. ಪೈಪು 304. ಕವರು 200 ಸರಣಿ.

ಮೊದಲೇ ಜಾಗ್ರತೆ ಮಾಡುವುದಾದರೆ ಬಿಲ್‌ನಲ್ಲಿ ಗ್ರೇಡ್ ಬರೆಸಿ. ದೊಡ್ಡ ಕೆಲಸವಾದರೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ (ಕಾರ್ಖಾನೆಯವರ ಪರೀಕ್ಷಾ ಪತ್ರ) ಕೇಳಿ, ಅದರಲ್ಲಿರುವ ಹೀಟ್ ನಂಬರ್, ಅಂದರೆ ಸ್ಟೀಲ್ ಕರಗಿಸಿದ ತಂಡದ ಸಂಖ್ಯೆ, ಮಾಲಿನ ಮೇಲೂ ಇದೆಯಾ ನೋಡಿ. ಪೈಪಿಗೆ ಮಾತ್ರವಲ್ಲ, ಸ್ಕ್ರೂ, ಕವರು, ಬೆಂಡ್‌ಗೂ ಗ್ರೇಡ್ ಬರೆಸಿ. ನಾನು ತಪ್ಪಿದ್ದು ಅಲ್ಲೇ. ಪಾತ್ರೆಗಾದರೆ ಐಎಸ್‌ಐ ಗುರುತು ನೋಡಿ, 2024ರಲ್ಲಿ ಸರ್ಕಾರ ಸ್ಟೀಲ್ ಪಾತ್ರೆಗೆ ಅದನ್ನು ಕಡ್ಡಾಯ ಮಾಡಿ ಆದೇಶ ತಂದಿದೆ.

ಅಡುಗೆಮನೆಯ ಗುಳಿಗಳು

ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟು ಮರೆತವರಿಗೆ ಇದು ಗೊತ್ತು. ಉಪ್ಪು, ಹುಳಿ, ಮುಚ್ಚಿದ ಡಬ್ಬಿ, ತಿಂಗಳುಗಟ್ಟಲೆ ಸಮಯ. 304ರಲ್ಲೂ ಗುಳಿ ಬೀಳುತ್ತದೆ. ಅಜ್ಜಿ ಭರಣಿ ಬಿಟ್ಟು ಬೇರೆಯದರಲ್ಲಿ ಉಪ್ಪಿನಕಾಯಿ ಹಾಕಲು ಬಿಡುತ್ತಿರಲಿಲ್ಲ. ಆಗ ಮಡಿ ಅಂದುಕೊಂಡಿದ್ದೆ.

ತಣ್ಣನೆ ನೀರಿಗೆ ಕಲ್ಲುಪ್ಪು ಹಾಕಿ ಒಲೆ ಹಚ್ಚಿದರೆ ಉಪ್ಪು ತಳದಲ್ಲಿ ಕೂತು ಅಲ್ಲೇ ಚುಕ್ಕೆ ಚುಕ್ಕೆ ತಿನ್ನುತ್ತದೆ. ನೀರು ಕುದಿ ಬಂದ ಮೇಲೆ ಹಾಕಿ ಒಮ್ಮೆ ಸೌಟು ಆಡಿಸಿದರೆ ಮುಗಿಯಿತು.

ಸಿಂಕಿನ ಹೊರಭಾಗ, ಕೆಳಗಿನ ಪೈಪು, ಕಬಾಟಿನ ಹಿಡಿ ಎಲ್ಲವೂ ಒಟ್ಟಿಗೆ ಕೆಂಪಾದರೆ ಕಬಾಟಿನೊಳಗೆ ನೋಡಿ. ಬಾತ್‌ರೂಮ್ ತೊಳೆಯುವ ಆಸಿಡ್ ಬಾಟಲಿ ಅಲ್ಲೇ ಇರುತ್ತದೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಮುಚ್ಚಳ ಸಡಿಲವಿದ್ದರೆ ಬರೀ ಹೊಗೆಯೇ ಸಾಕು. ಬಾಟಲಿ ಹೊರಗೆ ಹಾಕದೆ ಸ್ಟೀಲ್ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಬಿಸಿನೀರಿನ ಟ್ಯಾಂಕ್ ಬೇರೆ ಲೋಕ

ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ಟ್ಯಾಂಕ್ ಸೋರಿದರೆ ಅಲ್ಲಿ ತುಕ್ಕಿನ ಕಲೆ ಕಾಣದೆಯೂ ಇರಬಹುದು. ಕೂದಲೆಳೆಯಂಥ ಬಿರುಕು ಮಾತ್ರ. ನೀರು 60 ಡಿಗ್ರಿ ದಾಟಿ, ಅದರಲ್ಲಿ ಕ್ಲೋರೈಡ್ ಇದ್ದು, ವೆಲ್ಡಿಂಗ್‌ನ ಎಳೆತ ಲೋಹದಲ್ಲಿ ಉಳಿದಿದ್ದರೆ 304 ಒಡೆಯುತ್ತದೆ. ತಣ್ಣೀರಿಗೆ 304 ಬಳಸುವಾಗ ಲೀಟರಿಗೆ 200 ಮಿಲಿಗ್ರಾಂ ಕ್ಲೋರೈಡ್ ಅನ್ನುವುದು ಸಾಮಾನ್ಯ ಮಿತಿ. ಕುಡಿಯುವ ನೀರಿನ ಭಾರತೀಯ ಮಾನದಂಡವಾದರೋ 250 ಇರಲಿ ಅನ್ನುತ್ತದೆ, ಬೇರೆ ನೀರು ಇಲ್ಲದಿದ್ದರೆ 1000ದವರೆಗೂ ಬಿಡುತ್ತದೆ. ಅಂದರೆ ನಾವು ಕುಡಿಯಬಹುದಾದ ಬೋರ್‌ವೆಲ್ ನೀರು ಟ್ಯಾಂಕಿಗೆ ಆಗದಿರಬಹುದು. ಟ್ಯಾಂಕ್ ಕೊಳ್ಳುವ ಮೊದಲು ನೀರು ಪರೀಕ್ಷೆ ಮಾಡಿಸಿ. ಇಂಥ ಕಡೆಗೆ 444 ಅನ್ನುವ ಗ್ರೇಡ್ ಇದೆ. ಮಾಲಿಬ್ಡಿನಂ ಇದೆ, ಈ ಥರ ಬಿರುಕು ಬಿಡುವುದಿಲ್ಲ ಅನ್ನಬಹುದು. ಮ್ಯಾಗ್ನೆಟ್ ಹಿಡಿದರೆ ಗಟ್ಟಿಯಾಗಿ ಅಂಟುತ್ತದೆ!

ನಾವು ಮಾಡಿದ್ದು

ಲ್ಯಾಬ್ ವರದಿ ತೋರಿಸಿದ ಮೇಲೆ ರೇಲಿಂಗ್‌ನವನು ತಕರಾರು ಮಾಡಲಿಲ್ಲ. ಕವರುಗಳನ್ನು ಅವನೂ ತಂದದ್ದು ಬೇರೆ ಅಂಗಡಿಯಿಂದ, ಅವನಿಗೂ ಗೊತ್ತಿರಲಿಲ್ಲ. “ನನಗೂ 304 ಅಂತಲೇ ಕೊಟ್ಟದ್ದು ಸಾರ್” ಅಂದ. ಹನ್ನೆರಡು ಕವರುಗಳಿಗೆ 316 ಹಾಕಿಕೊಟ್ಟ, ಹೆಚ್ಚುವರಿ ಹಣ ಅರ್ಧ ಅವನದು, ಅರ್ಧ ನನ್ನದು. ಜಾಯಿಂಟ್‌ಗಳನ್ನು ಹೊಸ ಡಿಸ್ಕ್‌ನಲ್ಲಿ ಉಜ್ಜಿ ಬಫ್ ಮಾಡಿಸಿದೆ. ಸಮುದ್ರದ ಕಡೆಯ ಪೈಪುಗಳು ಹಾಗೇ ಇವೆ. ಹದಿನೈದು ದಿನಕ್ಕೊಮ್ಮೆ ಬಾವಿ ನೀರಿನ ಪೈಪ್ ಹಿಡಿದು ತೊಳೆಯುತ್ತೇನೆ, ಸಜ್ಜಾದ ಅಡಿಗೆ ಒಂದು ಕೈ ಜಾಸ್ತಿ. ಜೂನ್ ಬಂದರೆ ಅದೂ ಬೇಡ.